ಖಾಲಿ ವಾಪಸ್ ಬರುವ ಗಾಡಿ

ಮಲ್ಲೇಶ್ವರಂನಲ್ಲಿ ಗೂಡ್ಸ್ ಗಾಡಿ ಇಟ್ಟವನಿಗೆ ಕೆಲಸಕ್ಕೆ ಬರವಿಲ್ಲ. ಪಕ್ಕದಲ್ಲೇ ಯಶವಂತಪುರದ ಎಪಿಎಂಸಿ ಯಾರ್ಡ್, ಊರೊಳಗೆ ಎಂಟನೇ ಕ್ರಾಸಿನ ಮಾರುಕಟ್ಟೆ, ಹಳೇ ಮನೆ ಒಡೆದು ಅಪಾರ್ಟ್‌ಮೆಂಟ್ ಏಳುತ್ತಿರುವ ಅಡ್ಡರಸ್ತೆಗಳು. ಆದರೂ ಸಾಲ ಮಾಡಿ ತಂದ ಗಾಡಿಯನ್ನು ವರ್ಷ ಎರಡು ವರ್ಷದಲ್ಲೇ ಫೈನಾನ್ಸ್‌ನವರ ಕೈಗೆ ಕೊಟ್ಟು ಹೋದ ಹುಡುಗರನ್ನು ಸ್ಟ್ಯಾಂಡಿನಲ್ಲಿ ನೋಡುತ್ತಲೇ ಇದ್ದೇನೆ. ಅವರಲ್ಲಿ ಸೋಮಾರಿಗಳು ಕಡಿಮೆ. ಹೋಗುವಾಗಿನ ಬಾಡಿಗೆ ಎಣಿಸಿದರು, ಬರುವಾಗಿನ ಖಾಲಿ ಕಿಲೋಮೀಟರು ಎಣಿಸಲಿಲ್ಲ. ಹೊಸಬರು ಕೇಳಿದಾಗ ನಾನು ಹೇಳುವುದು ಇಷ್ಟು.

1. ಶೋರೂಮಿಗೆ ಹೋಗುವ ಮೊದಲು ನೀವು ಓಡಿಸುವ ಬೀದಿಯಲ್ಲಿ ನಡೆದು ಬನ್ನಿ.

ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎರಡೂ ಒನ್‌ವೇ. ಒಂದು ತಿರುವು ತಪ್ಪಿದರೆ ಊರೆಲ್ಲ ಸುತ್ತಬೇಕು. ಅಡ್ಡರಸ್ತೆಗಳಲ್ಲಿ ಮರದ ಕೊಂಬೆ, ಕೇಬಲ್ಲು ಕೆಳಗೆ ಇಳಿದಿರುತ್ತವೆ. ಬೀರು ನಿಲ್ಲಿಸಿಕೊಂಡು ಹೊರಟರೆ ಸಿಕ್ಕಿಹಾಕಿಕೊಳ್ಳುತ್ತದೆ. ದೊಡ್ಡ ಲಾರಿಗಳಿಗೆ ಹಗಲು ಹೊತ್ತಿನಲ್ಲಿ ನಿರ್ಬಂಧ. ಇಂಥ ಕಡೆ 2005ರಲ್ಲಿ ಬಂದ ಟಾಟಾ ಏಸ್, ಅಂದರೆ ನಮ್ಮ ಚೋಟಾ ಹಾತಿ, ದಾರಿ ಮಾಡಿಕೊಂಡಿತು. ಅದಕ್ಕೂ ಮೊದಲು ಮೂರು ಚಕ್ರದ ಗೂಡ್ಸ್ ಆಟೋ ಬಿಟ್ಟರೆ 1986ರಿಂದ ಓಡುತ್ತಿದ್ದ ಟಾಟಾ 407 ಲಾರಿ. ನಡುವೆ ಹೇಳಿಕೊಳ್ಳುವಂಥದ್ದು ಇರಲಿಲ್ಲ.

ಲೈಸೆನ್ಸ್ ವಿಷಯಕ್ಕೆ ಹೊಸಬರು ಹೆದರುತ್ತಾರೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಇತ್ಯರ್ಥ ಮಾಡಿದೆ: ಲಘು ವಾಹನದ, ಅಂದರೆ ಎಲ್‌ಎಂವಿ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ಗಾಡಿ ಓಡಿಸಬಹುದು, ಪ್ರತ್ಯೇಕ ಎಂಡಾರ್ಸ್‌ಮೆಂಟ್ ಬೇಕಿಲ್ಲ.

2. ಕಿಲೋಮೀಟರಿಗೆ ಎಷ್ಟು ಬೀಳುತ್ತದೆ ಅನ್ನುವುದು ಬಾಯಲ್ಲಿರಬೇಕು.

ಡೀಸೆಲ್ ಲೆಕ್ಕ ಎಲ್ಲರೂ ಹಾಕುತ್ತಾರೆ. ಟೈರು, ಆಯಿಲ್, ವಿಮೆ, ಫಿಟ್‌ನೆಸ್ ಸರ್ಟಿಫಿಕೇಟ್ ಅಂದರೆ ಎಫ್‌ಸಿ, ಕಂತು ಇವನ್ನೂ ಓಡುವ ಕಿಲೋಮೀಟರಿಗೆ ಹಂಚಿ. ಎಲ್ಲ ಸೇರಿ 20 ರೂಪಾಯಿ ಆಯಿತು ಅಂದುಕೊಳ್ಳಿ. ತುಮಕೂರು ಸುಮಾರು 70 ಕಿ.ಮೀ., ಹೋಗಿ ಬರಲು 140. ಖರ್ಚು 2,800. ಬಾಡಿಗೆ 3,200ಕ್ಕೆ ಒಪ್ಪಿದರೆ ಇಡೀ ದಿನದ ದುಡಿಮೆಗೆ ಉಳಿಯುವುದು 400, ಟೋಲ್ ಇನ್ನೂ ಕಳೆದಿಲ್ಲ. ಜೇಬಿನಲ್ಲಿ 3,200 ಇರುತ್ತದಲ್ಲ, ಅದೇ ಮೋಸ. ಆ ದುಡ್ಡಿನಲ್ಲಿ ಹೆಚ್ಚು ಪಾಲು ಮುಂದಿನ ವರ್ಷದ ಟೈರಿನದು.

ಅದೇ ಗಾಡಿ ಬರುವಾಗ ಯಶವಂತಪುರಕ್ಕೆ ತೆಂಗಿನಕಾಯಿಯನ್ನೋ ಹುಣಸೆಹಣ್ಣನ್ನೋ ತಂದರೆ, ಕಮ್ಮಿ ರೇಟು 1,200 ಸಿಕ್ಕರೂ ಹೆಚ್ಚುಕಮ್ಮಿ ಪೂರ್ತಿ ಉಳಿತಾಯ. ರಸ್ತೆ ಖರ್ಚು ಹೋಗುವ ಬಾಡಿಗೆಯಲ್ಲೇ ಮುಗಿದಿದೆ. ಅದಕ್ಕೇ ರಿಟರ್ನ್ ಲೋಡಿಗೆ ರೇಟು ಚೌಕಾಸಿ ಮಾಡುತ್ತ ಕೂರಬಾರದು. ಹಾಗಂತ ಲೋಡಿಗಾಗಿ ಅರ್ಧ ದಿನ ಕಾಯುವುದೂ ಕೆಲಸವಲ್ಲ; ಅಷ್ಟರಲ್ಲಿ ಊರೊಳಗೆ ಎರಡು ಬಾಡಿಗೆ ತಪ್ಪಿರುತ್ತದೆ. ಊಟದ ಹೊತ್ತಿನವರೆಗೆ ನೋಡಿ, ಆಮೇಲೆ ಹೊರಡಿ. ಮಂಡಿಯವರ ನಂಬರು ಮಾತ್ರ ಹೊರಡುವ ಹಿಂದಿನ ದಿನವೇ ಕೈಲಿರಬೇಕು, ತಲುಪಿದ ಮೇಲೆ ಹುಡುಕುವುದಲ್ಲ.

ಆದಾಯ ತೆರಿಗೆಯಲ್ಲಿ ಹತ್ತು ಗಾಡಿ ಮೀರದವರಿಗೆ ಅಂದಾಜಿನ ಲೆಕ್ಕದ ಅನುಕೂಲ ಇದೆ: 12 ಟನ್ ಮೀರದ ಗಾಡಿಗೆ ತಿಂಗಳಿಗೆ 7,500 ರೂಪಾಯಿ ಆದಾಯ ಎಂದು ತೋರಿಸಿದರೆ ಲೆಕ್ಕಪುಸ್ತಕ ಇಡಬೇಕಿಲ್ಲ. ಸರ್ಕಾರಕ್ಕೆ ಪುಸ್ತಕ ಬೇಡದಿದ್ದರೆ ಬೇಡ, ನಿಮಗೆ ಬೇಕು. ಡ್ಯಾಶ್‌ಬೋರ್ಡ್ ಮೇಲೆ ಒಂದು ನೋಟ್‌ಬುಕ್; ಲೋಡ್ ಇದ್ದ ಕಿ.ಮೀ. ಒಂದು ಕಡೆ, ಖಾಲಿ ಕಿ.ಮೀ. ಇನ್ನೊಂದು ಕಡೆ.

3. ಮೂಟೆ ಎಣಿಸಬೇಡಿ, ತೂಕ ಕೇಳಿ.

ಏಸ್ ಹೊರುವುದು 750 ಕೆ.ಜಿ. ಅಕ್ಕಿ ಮೂಟೆ 25 ಕೆ.ಜಿ. ಆಗಿದ್ದಾಗ 30 ಮೂಟೆ ಅಂದರೆ ಸರಿಹೋಗುತ್ತಿತ್ತು. 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಿತ್ತು. ಅದನ್ನು ತಪ್ಪಿಸಲು ಅಂಗಡಿಗಳಿಗೆ 26 ಕೆ.ಜಿ. ಮೂಟೆ ಬಂತು. ಅದೇ 30 ಮೂಟೆ ಈಗ 780. ತೆರಿಗೆ ಉಳಿಸಿದವರು ವ್ಯಾಪಾರಿಗಳು, ಹೊತ್ತಿದ್ದು ನಮ್ಮ ಲೀಫ್ ಸ್ಪ್ರಿಂಗು. ಟೈಲ್ಸ್, ಮಣ್ಣು, ಒಡೆದ ಗೋಡೆಯ ಡೆಬ್ರಿಸ್ ಇನ್ನೂ ಅಪಾಯ: ನೋಡಲು ಅರ್ಧ ಗಾಡಿ, ತೂಕದಲ್ಲಿ ಒಂದೂವರೆ.

4. ಪಂಚಾಂಗ ಇಟ್ಟುಕೊಳ್ಳಿ.

ಆಷಾಢದಲ್ಲಿ ಮಲ್ಲೇಶ್ವರಂ ಮನೆ ಬದಲಿಸುವುದಿಲ್ಲ, ಧನುರ್ಮಾಸದಲ್ಲೂ ಅಷ್ಟೆ. ಶಿಫ್ಟಿಂಗ್ ನಂಬಿಕೊಂಡವರು ಆ ತಿಂಗಳ ಕಂತನ್ನು ಏಪ್ರಿಲ್, ಮೇನಲ್ಲೇ ತೆಗೆದಿಡಬೇಕು. ಶ್ರಾವಣ ಹುಟ್ಟಿದ ಮೇಲೆ ಗೃಹಪ್ರವೇಶ, ಗೌರಿ ಗಣೇಶ, ಬಾಳೆಕಂದು, ಹೂವು. ಕಾರ್ತಿಕದಲ್ಲಿ ಕಾಡು ಮಲ್ಲೇಶ್ವರ ದೇವಸ್ಥಾನದ ಕಡಲೆಕಾಯಿ ಪರಿಷೆ. ಆಯುಧಪೂಜೆಯ ದಿನ ಬಾಡಿಗೆ ಒಪ್ಪಬೇಡಿ. ಗಾಡಿ ತೊಳೆದು, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟ ಮೇಲೆ ಯಾರು ಕರೆದರೂ ಹೋಗಲು ಮನಸ್ಸಾಗುವುದಿಲ್ಲ, ಹೋಗಬಾರದು ಕೂಡ.

5. ಆ್ಯಪ್ ಇರಲಿ, ಅಂಗಡಿಯೂ ಇರಲಿ.

ಆ್ಯಪ್ ತೋರಿಸುವ ಬಾಡಿಗೆ ನೋಡುವಾಗ ಪಿಕಪ್‌ವರೆಗಿನ ಖಾಲಿ ದೂರವನ್ನೂ ಸೇರಿಸಿ ಭಾಗಿಸಿ. ಖಾಲಿ ಹೊತ್ತು ತುಂಬಿಸಲು ಅದು ಒಳ್ಳೆಯದೇ. ಕಂತು ಕಟ್ಟಲು ಆಧಾರ ಮಾತ್ರ ಖಾಯಂ ಗಿರಾಕಿಗಳೇ ಆಗಿರಬೇಕು: ಯಾರ್ಡಿನಿಂದ ಬೆಳಗ್ಗೆ ಸಾಮಾನು ತರಿಸುವ ಒಬ್ಬ ದಿನಸಿಯವರು, ಒಂದು ಹಾರ್ಡ್‌ವೇರ್ ಅಂಗಡಿ, ಒಬ್ಬ ಬಡಗಿ. ಇವರ ಮೂಲಕವೇ ವಾಪಸ್ ಲೋಡು ಹುಟ್ಟುವುದು. ‘ಅಣ್ಣ, ಹೆಂಗೂ ಪೀಣ್ಯ ಕಡೆಯಿಂದ ಬರ್ತೀಯಲ್ಲ, ಎರಡು ಪ್ಲೈವುಡ್ ಶೀಟ್ ಹಾಕ್ಕೊಂಡು ಬಾ’ ಅನ್ನುವ ಫೋನು ಯಾವ ಆ್ಯಪ್‌ನಲ್ಲೂ ಬರುವುದಿಲ್ಲ.

ಹಮಾಲಿ ಯಾರದು, ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಎರಡು ಗಂಟೆ ಮೀರಿದರೆ ಹಾಲ್ಟಿಂಗ್ ಎಷ್ಟು, ಎಲ್ಲ ಹೊರಡುವ ಮುಂಚೆ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

6. ಶಿಫ್ಟಿಂಗ್ ದಿನ ಮನೆಮಂದಿಯನ್ನು ಸಾಮಾನಿನ ಮೇಲೆ ಕೂರಿಸಬೇಡಿ.

‘ಇಲ್ಲೇ ಹತ್ತಿರ ಅಲ್ವಾ’ ಅನ್ನುತ್ತಾರೆ. ಸರಕಿನ ಮಾಲೀಕರು ಅಥವಾ ಅವರ ಪ್ರತಿನಿಧಿ ಗಾಡಿಯಲ್ಲಿ ಬಂದರೆ ವಿಮೆ ಅನ್ವಯಿಸುವಂತೆ 1994ರಲ್ಲಿ ಕಾನೂನು ತಿದ್ದಿದ್ದಾರೆ. ಅವರು ಕ್ಯಾಬಿನ್‌ನಲ್ಲಿ ಕೂರಲಿ. ಅಜ್ಜಿ, ಮಕ್ಕಳು ಆಟೋದಲ್ಲಿ ಬರಲಿ. ಗಾಡಿಯ ವಿಮೆ ಗಿರಾಕಿಯ ಟಿವಿಗೆ, ಗಾಜಿನ ಶೋಕೇಸಿಗೆ ಬರುವುದಿಲ್ಲ ಎಂದೂ ಮೊದಲೇ ಹೇಳಿಬಿಡಿ.

7. ತಿಂಗಳ ಲೆಕ್ಕದ ಬಾಡಿಗೆಗೆ ಡೀಸೆಲ್ ಷರತ್ತು ಇರಲೇಬೇಕು.

2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು, ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ಇದನ್ನು ವಿರೋಧಿಸಿ ಏಪ್ರಿಲ್ ಮಧ್ಯದಲ್ಲಿ ಲಾರಿ ಮಾಲೀಕರ ಒಕ್ಕೂಟ ಮುಷ್ಕರ ಹೂಡಿ, ಕೆಲವೇ ದಿನದಲ್ಲಿ ಹಿಂತೆಗೆದುಕೊಂಡಿತು. ಸಂಘ ಬೇಕು, ಚಂದಾ ಕೊಡಿ. ಆದರೆ ದಿನಸಿಯವರ ಜೊತೆ ‘ಲೀಟರಿಗೆ ಎರಡು ರೂಪಾಯಿ ಏರಿದರೆ ಬಾಡಿಗೆ ಇಷ್ಟು ಏರುತ್ತದೆ’ ಎಂದು ಮೊದಲೇ ಆಡಿಕೊಂಡವರಿಗೆ ಆ ತಿಂಗಳು ಕಷ್ಟವಾಗಲಿಲ್ಲ.

8. ಮಾರುವ ವರ್ಷವನ್ನು ಕೊಳ್ಳುವಾಗಲೇ ಯೋಚಿಸಿ.

ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಆ ಹೊತ್ತಿಗೆ ಗೇರ್‌ಬಾಕ್ಸೂ ಮಾತಾಡಲು ಶುರು ಮಾಡಿರುತ್ತದೆ. ಕಂತು ಮುಗಿದ ಕೂಡಲೇ ಫೈನಾನ್ಸ್‌ನಿಂದ ಎನ್‌ಒಸಿ, ಫಾರ್ಮ್ 35 ತಂದು ಆರ್‌ಟಿಒದಲ್ಲಿ ಸಾಲದ ನಮೂದು ತೆಗೆಸಿ. ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಹಿ ಹಾಕಿದ ಖಾಲಿ ಫಾರ್ಮ್ ಕೊಟ್ಟು ದುಡ್ಡು ಎಣಿಸಿಕೊಂಡು ಬರುವ ಪದ್ಧತಿ ನಮ್ಮಲ್ಲಿ ಜಾಸ್ತಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರವೂ ಅವರ ತಲೆಗೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಸಿಯಲ್ಲಿ ಹೆಸರು ಬದಲಾದದ್ದನ್ನು ಸರ್ಕಾರದ ಜಾಲತಾಣ ಪರಿವಾಹನ್‌ನಲ್ಲಿ ನೀವೇ ನೋಡುವ ತನಕ ಕೊಂಡವರ ಫೋನ್ ನಂಬರು ಅಳಿಸಬೇಡಿ.