ತೆರೆದ ನಕ್ಷೆಯಲ್ಲಿ ವಿದ್ಯುತ್ ಮಾರ್ಗ: ನಿವೇಶನ ಗುರುತಿಸುವ ಮುನ್ನ ತಿಳಿಯಬೇಕಾದುದು



ಕಾಳಿ ಕಣಿವೆಯು ನಾಡಿಗೆ ಬೆಳಕು ನೀಡುವ ಸೀಮೆ. ಗಣೇಶಗುಡಿಯ ಸೂಪಾ ಅಣೆಕಟ್ಟೆಯ ಬುಡದಲ್ಲಿ 50 ಮೆಗಾವ್ಯಾಟ್‌ನ ಎರಡು ಘಟಕಗಳೂ ಅಂಬಿಕಾನಗರ ಸಮೀಪದ ನಾಗಝರಿಯಲ್ಲಿ ಆರು ಘಟಕಗಳೂ ಇವೆ. ಇಲ್ಲಿಂದ ಹೊರಡುವ ತಂತಿಗಳು ನಮ್ಮ ಕಾಡು, ಗದ್ದೆಗಳ ಮೇಲೆಯೇ ಸಾಗುತ್ತವೆ. ಆದರೆ ಯಾವ ಮಾರ್ಗ ಯಾವ ಸರ್ವೆ ನಂಬರಿನ ಮೇಲೆ ಹಾದಿದೆ ಎಂಬುದು ಪಂಚಾಯಿತಿ ಕಡತದಲ್ಲಿ ಸುಲಭವಾಗಿ ಸಿಗುವುದಿಲ್ಲ.

ನಾನು ಹಿಂದೆ ಸೇವೆ ಸಲ್ಲಿಸಿದ ಪಂಚಾಯಿತಿಯೊಂದರಲ್ಲಿ, ವಸತಿ ಯೋಜನೆಯ ಫಲಾನುಭವಿಯೊಬ್ಬರು ತಳಪಾಯ ತೋಡಿದ ಬಳಿಕವೇ ಮೇಲಿನ ತಂತಿಯ ವಿಚಾರ ಎದ್ದಿತು. ಮಳೆಗಾಲದೊಳಗೆ ಮುಗಿಯಬೇಕಿದ್ದ ಮನೆ ಮುಂದಿನ ಬೇಸಿಗೆಗೆ ಹೋಯಿತು. ಸ್ಥಳ ತನಿಖೆಯಲ್ಲಿ ನಾನು ನೆಲವನ್ನು ನೋಡಿದ್ದೆ, ತಲೆಯೆತ್ತಿ ನೋಡಿರಲಿಲ್ಲ.

ಇಂತಹ ಲೋಪ ತಪ್ಪಿಸಲು ತೆರೆದ ನಕ್ಷೆ ನೆರವಾಗುತ್ತದೆ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಸಾರ್ವಜನಿಕರೇ ತುಂಬುವ ನಕ್ಷೆ. ಗೋಪುರ, ಕಂಬ, ಉಪಕೇಂದ್ರ, ಪರಿವರ್ತಕ (ಟಿ.ಸಿ.) ಇವನ್ನು ಅದರಲ್ಲಿ ಗುರುತಿಸಬಹುದು, ಶುಲ್ಕವಿಲ್ಲದೆ ಯಾರೂ ನೋಡಬಹುದು. ಎತ್ತರದ ಗೋಪುರಗಳು ಉಪಗ್ರಹ ಚಿತ್ರದಲ್ಲಿ ಕಾಣುವುದರಿಂದ ದೂರದವರೂ ಅವನ್ನು ಗುರುತಿಸಬಲ್ಲರು. ಜೋಯಿಡಾದ ಕಾಡಿನೊಳಗಿನ ಮಜರೆಗೆ ಹೋಗುವ 11 ಕೆ.ವಿ. ಮಾರ್ಗ ಮರಗಳ ಮರೆಯಲ್ಲಿರುತ್ತದೆ. ಅದನ್ನು ಬಲ್ಲವರು ಊರಿನವರು ಮಾತ್ರ.

ನಕ್ಷೆ ಸಿದ್ಧವಿದ್ದರೆ ಪ್ರಯೋಜನ ಮೂರು. ಮೊದಲನೆಯದು, ನಿವೇಶನ ಮತ್ತು ಅಂಗನವಾಡಿ ಜಾಗದ ಆಯ್ಕೆ. ಅರಣ್ಯ ಪ್ರದೇಶಕ್ಕೆ ನಿಗದಿಯಾದ ಮಾರ್ಗದ ಅಗಲ 11 ಕೆ.ವಿ.ಗೆ 7 ಮೀಟರ್, 110 ಕೆ.ವಿ.ಗೆ 22 ಮೀಟರ್, 220 ಕೆ.ವಿ.ಗೆ 35 ಮೀಟರ್. ಎಷ್ಟು ಜಾಗ ಬಿಡಬೇಕಾಗಬಹುದೆಂಬ ಅಂದಾಜಿಗೆ ಇದು ಸಾಕು. ಎರಡನೆಯದು, ಗಾಳಿಮಳೆಯಲ್ಲಿ ಮರ ಬಿದ್ದಾಗ ಲೈನ್‌ಮ್ಯಾನ್‌ಗೆ ನಿಖರವಾದ ಜಾಗ ತಿಳಿಸುವುದು. ಮೂರನೆಯದು, ಹೊಸ ಟಿ.ಸಿ. ಕೋರುವಾಗ ಈಗಿರುವುದು ಎಷ್ಟು ದೂರದಲ್ಲಿದೆ ಎಂದು ತೋರಿಸುವುದು.

ಮಿತಿಗಳನ್ನೂ ಅರಿಯಬೇಕು. ತೆರೆದ ನಕ್ಷೆ ಅಧಿಕೃತ ದಾಖಲೆಯಲ್ಲ. ಅದರಲ್ಲಿ ಗೆರೆ ಇಲ್ಲವೆಂದರೆ ತಂತಿಯೇ ಇಲ್ಲವೆಂದು ಭಾವಿಸಬಾರದು. ತಂತಿಯ ಸಮೀಪ ಕಟ್ಟುವವರು ಕಾಮಗಾರಿಗೆ ಮುನ್ನ ವಿದ್ಯುತ್ ಸಂಸ್ಥೆಗೆ ಲಿಖಿತವಾಗಿ ತಿಳಿಸಲೇಬೇಕು. ಅಂತಿಮ ಅಂತರವನ್ನು ಹೆಸ್ಕಾಂ ಅಥವಾ ಕೆಪಿಟಿಸಿಎಲ್ ಸ್ಥಳದಲ್ಲಿ ಅಳೆದು ಹೇಳಬೇಕು.

2021ರ ಫೆಬ್ರವರಿ 15ರ ಕೇಂದ್ರ ಮಾರ್ಗಸೂಚಿಯು ಭಾರತೀಯರು ನಕ್ಷೆಯ ದತ್ತಾಂಶ ಸಂಗ್ರಹಿಸಲು ಪೂರ್ವಾನುಮತಿ ಬೇಕಿಲ್ಲವೆಂದಿತು. ಸೂಕ್ಷ್ಮ ವಿಷಯಗಳ ನಿರ್ಬಂಧ ಮುಂದುವರಿದಿದೆ. ಆದ್ದರಿಂದ ಸಾರ್ವಜನಿಕ ದಾರಿಯಿಂದ ಕಾಣುವುದನ್ನಷ್ಟೇ ಗುರುತಿಸಿ. ಅಣೆಕಟ್ಟೆ, ವಿದ್ಯುದಾಗಾರ, ಉಪಕೇಂದ್ರಗಳ ಆವರಣ ಪ್ರವೇಶಿಸಬೇಡಿ, ಕಂಬ ಮುಟ್ಟಬೇಡಿ, ಗ್ರಾಹಕರ ಹೆಸರು ದಾಖಲಿಸಬೇಡಿ. ಬೇರೆ ಕಂಪನಿಯ ನಕ್ಷೆಯಿಂದ ನಕಲು ಮಾಡಲು ಪರವಾನಗಿ ಇರುವುದಿಲ್ಲ.

ಮುಂದಿನ ಸಾಮಾನ್ಯ ಸಭೆಗೆ ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಟಿ.ಸಿ.ಗಳ ಪಟ್ಟಿ ಹಾಗೂ ಮನೆಗಳ ಮೇಲೆ ಹಾದಿರುವ ಮಾರ್ಗಗಳ ವಿವರ ತರುವುದು ಸೂಕ್ತ. ಆ ಪಟ್ಟಿಯನ್ನು ಶಾಖಾಧಿಕಾರಿಗಳೊಂದಿಗೆ ತಾಳೆ ನೋಡಿದ ಬಳಿಕವೇ ನಿವೇಶನದ ಠರಾವು ಆಗಲಿ.