ಮಗಳಿಗೆ ಹೇಳುವುದು ಯಾವಾಗ?



2022ರ ಮಾರ್ಚ್‌ನಲ್ಲಿ ‘ಟರ್ನಿಂಗ್ ರೆಡ್’ ಎಂಬ ಕಾರ್ಟೂನ್ ಸಿನಿಮಾ ಬಂತು. ಕೆನಡಾ ದೇಶದ 13 ವರ್ಷದ ಹುಡುಗಿ ಒಂದು ಬೆಳಿಗ್ಗೆ ಎದ್ದಾಗ ದೊಡ್ಡ ಕೆಂಪು ಪ್ರಾಣಿಯಾಗಿರುತ್ತಾಳೆ. ಹೆದರಿ ಬಚ್ಚಲಲ್ಲಿ ಅಡಗುತ್ತಾಳೆ. ಮಗಳು ದೊಡ್ಡವಳಾದಳೆಂದು ತಿಳಿದ ತಾಯಿ ಪ್ಯಾಡುಗಳನ್ನು ಹೊತ್ತು ಓಡಿಬರುತ್ತಾಳೆ. ಆಮೇಲೆ ಶಾಲೆಗೂ ತಂದು ಎಲ್ಲರೆದುರು ತೋರಿಸುತ್ತಾಳೆ!

ಅಮೆರಿಕದ ಕೆಲವು ತಂದೆತಾಯಿಯರು, ಮಕ್ಕಳ ಸಿನಿಮಾದಲ್ಲಿ ಮುಟ್ಟಿನ ಮಾತು ಏಕೆಂದು ಸಿಟ್ಟಾದರು. ಇನ್ನು ಕೆಲವರು, ಮಗಳ ಜೊತೆ ಮಾತು ತೆಗೆಯಲು ಅನುಕೂಲವಾಯಿತು ಎಂದರು. ನಮ್ಮ ರಾಜ್ಯದಲ್ಲೂ 2007ರಲ್ಲಿ ಶಾಲೆಯ ಲೈಂಗಿಕ ಶಿಕ್ಷಣಕ್ಕೆ ವಿರೋಧ ಬಂದು ಸರ್ಕಾರ ಅದನ್ನು ನಿಲ್ಲಿಸಿತ್ತು.

ನಮ್ಮ ಪಾಳಾ ಕಡೆ ಸಿಟ್ಟಿಲ್ಲ, ಬರೀ ಮೌನ. ‘ಸಿಸ್ಟರ್, ಈಗ್ಯಾಕ? ಆದ ಮ್ಯಾಲ ಹೇಳಿದ್ರಾತು’ ಅಂತೀರಿ. ಆದರೆ ಮೊದಲ ಮುಟ್ಟು ಕೆಲವರಿಗೆ 9-10 ವರ್ಷಕ್ಕೇ ಬರುತ್ತದೆ. ಆಗ ಹುಡುಗಿ ಶಾಲೆಯಲ್ಲಿರಬಹುದು, ಹೊಲದಲ್ಲಿರಬಹುದು. ಏನೂ ತಿಳಿಯದವಳು ರಕ್ತ ನೋಡಿ ರೋಗವೆಂದು ಹೆದರಿ, ಯಾರಿಗೂ ಹೇಳದೆ ಬಟ್ಟೆ ಮುಚ್ಚಿಡುತ್ತಾಳೆ.

ನಾಲ್ಕನೇ ತರಗತಿಗೆ ಹೋಗುವ ಮಗಳಿದ್ದರೆ ಈ ವಾರವೇ ಹತ್ತಿರ ಕೂರಿಸಿ ಹೇಳಿರಿ. ಪ್ಯಾಡು ಎಲ್ಲಿಟ್ಟಿದ್ದೀರೆಂದು ತೋರಿಸಿರಿ. ಅಪ್ಪನಿಗೂ ಗೊತ್ತಿರಲಿ, ನೀವು ಕೂಲಿಗೆ ಹೋದ ದಿನ ಅಂಗಡಿಯಿಂದ ತಂದುಕೊಡಬೇಕಾದವರು ಅವರೇ ಅಲ್ಲವೇ?