ಅಲ್ಪಾವಧಿ ತರಬೇತಿಗೆ ಅರ್ಜಿ

ಪದವಿಗೆ ಸೇರದೆಯೂ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕಲಿಯಬಹುದು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದಲ್ಲಿ ಬೇಕರಿ ತರಬೇತಿ ನೀಡುತ್ತದೆ; ಜೇನು ಸಾಕಣೆಯನ್ನೂ ಕಲಿಸುತ್ತದೆ. ಅರ್ಜಿ ಸಲ್ಲಿಸುವ ಮೊದಲು ತರಬೇತಿಯ ದಿನಗಳು, ಶುಲ್ಕ, ವಸತಿ ಇವುಗಳನ್ನು ವಿಚಾರಿಸಿಕೊಳ್ಳಬೇಕು. ಬಿತ್ತನೆಯ ಹೊತ್ತಿನಲ್ಲಿ ಸೇರಿ, ಅರ್ಧಕ್ಕೇ ಬಿಟ್ಟು ಊರಿಗೆ ಓಡಿದರೆ ಶುಲ್ಕವೂ ಹೋಯಿತು, ಇನ್ನೊಬ್ಬ ರೈತನಿಗೆ ಸಿಗಬಹುದಾಗಿದ್ದ ಸ್ಥಾನವೂ ಹೋಯಿತು. ಜೇನು ಕಲಿಯುವವರು ಹೊಂಗೆ ಹೂ ಬಿಡುವ ಮುನ್ನವೇ ತರಬೇತಿ ಮುಗಿಸುವುದು ಲೇಸು.

ಅರ್ಜಿಯಲ್ಲಿ ಉದ್ದೇಶ ಕೇಳಿದ್ದರೆ ಬರೀ ‘ಆಸಕ್ತಿಯಿದೆ’ ಎಂದರೆ ಸಾಲದು. ತೋಟದಲ್ಲಿ ಎಷ್ಟು ಪೆಟ್ಟಿಗೆ ಇಡಬಹುದು, ಸುತ್ತಮುತ್ತ ಯಾವ ಹೂಗಳಿವೆ, ತುಪ್ಪವನ್ನು ಎಲ್ಲಿ ಮಾರುವುದು ಎಂಬುದನ್ನು ಬರೆಯಬೇಕು. ಬ್ಯಾಂಕಿನವರು ಕೇಳುವುದೂ ಇದನ್ನೇ. ಪ್ರಮಾಣಪತ್ರವೊಂದರಿಂದಲೇ ಸಾಲ ಮಂಜೂರಾಗದು.